ಮರ್ದಾನಸಾಬರ ಖಾಂದಾನಿ ಕೋಲು

ನಿವೃತ್ತಿಯಾದ ಮರುದಿನದಿಂದ ಮರ್ದಾನಸಾಬರ ಮಾತಿಗೆ ಯಾರೂ ಮುಂದೆ ಸರಿಯಲಿಲ್ಲ. ಮೂವತ್ತು ವರ್ಷ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಬಸ್ಸಿನಲ್ಲಿ ಸುತ್ತಿದ ಕಂಡಕ್ಟರು ಅವರು. "ಮುಂದ ನಡೀರಿ, ನಡು ಖಾಲಿ ಐತಿ" ಎಂದು ಅವರು ಕೂಗಿದರೆ ಮದುವೆಯ ದಿಬ್ಬಣ ಸರಿಯುತ್ತಿತ್ತು, ಪೊಲೀಸರು ಸರಿಯುತ್ತಿದ್ದರು, ಮೂಟೆಯ ಮೇಲೆ ಕುಳಿತ ಮುದುಕಿಯೂ ಬೈಯುತ್ತಲೇ ಸರಿಯುತ್ತಿದ್ದಳು. ಈಗ ಕೊಪ್ಪಳದ ಸ್ವಂತ ಮನೆಯ ಪಡಸಾಲೆಯಲ್ಲಿ ಬೆಕ್ಕಿಗೆ ಅದೇ ಮಾತು ಹೇಳಿದರೆ ಅದು ಮೈ ನೆಕ್ಕಿಕೊಂಡು ಅಲ್ಲೇ ಮಲಗುತ್ತಿತ್ತು.

ಮಾತಿಗೆ ಬೆಲೆಯಿಲ್ಲದ ಮನುಷ್ಯ ವಸ್ತುಗಳ ಕಡೆಗೆ ತಿರುಗುತ್ತಾನೆ. ಮನೆಗೆ ಸುಣ್ಣ ಬಳಿಸುವಾಗ ಕಪಾಟಿನ ಹಿಂದಿನಿಂದ ಒಂದು ಉದ್ದನೆಯ ಕೋಲು ಹೊರಬಂತು. ಬುಡ ದಪ್ಪ, ತುದಿ ಸಣ್ಣ. ಬುಡದ ಅರ್ಧ ಕಪ್ಪು, ಆ ಕಪ್ಪಿನಿಂದ ನಾಲ್ಕು ಚೂಪಾದ ನಾಲಿಗೆಗಳು ಬಿಳಿ ಮರದೊಳಗೆ ಚಾಚಿಕೊಂಡಿದ್ದವು. ತುದಿಗೆ ಬಿಳಿ ಉಂಗುರ. ಅದರ ಪಕ್ಕದಲ್ಲೇ ಯಾರೋ ಮೊಳೆ ಹೊಡೆದು ಕೊಕ್ಕೆ ಸಿಕ್ಕಿಸಿದ್ದರಿಂದ ಉದ್ದಕ್ಕೂ ಒಂದು ಸೀಳು. ಇಡೀ ಕೋಲು ಬಿಲ್ಲಿನಂತೆ ಬಾಗಿತ್ತು.

"ಏನಿದು?" ಎಂದು ಮರ್ದಾನಸಾಬರು ಅಡಿಗೆಮನೆಯ ಕಡೆ ಕೂಗಿದರು.

ಹೆಂಡತಿ ಸೈದಾನಬಿ ಮಿಕ್ಸರಿನಲ್ಲಿ ಮಸಾಲೆ ರುಬ್ಬುತ್ತಿದ್ದರು. ಆ ಗದ್ದಲದಲ್ಲಿ ಅವರು ಹೇಳಿದ್ದರಲ್ಲಿ ಒಂದೇ ಪದ ಪಡಸಾಲೆಯವರೆಗೆ ಬಂತು: "ಹಳೇದು!"

ಮರ್ದಾನಸಾಬರಿಗೆ ಅಷ್ಟು ಸಾಕಾಯಿತು. ಹಳೆಯದು ಎಂದರೆ ಅಪ್ಪನ ಕಾಲದ್ದು. ಅಪ್ಪನಿಗೆ ಎಲ್ಲಿಂದ ಬರಬೇಕು? ಅಜ್ಜನಿಂದ. ಚಹಾ ಬರುವಷ್ಟರಲ್ಲಿ ಕೋಲು ಮೂರು ತಲೆಮಾರು ಹಿಂದೆ ಹೋಗಿತ್ತು. ಅವರು ಕೊಕ್ಕೆ ಕಿತ್ತುಹಾಕಿ, ಹೊಸ ಸುಣ್ಣದ ಗೋಡೆಗೆ ಎರಡು ಮೊಳೆ ಹೊಡೆದು ಕೋಲನ್ನು ಅಡ್ಡಲಾಗಿ ತೂಗುಹಾಕಿದರು. ಮನೆಗೆ ಒಂದು ಗತ್ತು ಬಂತು.

ಅದೇ ವಾರ ಮಗಳು ನಾಹೀದಾಳನ್ನು ನೋಡಲು ಗಂಗಾವತಿಯಿಂದ ಗಂಡಿನವರು ಬಂದರು. ನಾಹೀದಾ ಕೊಪ್ಪಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನೌಕರಿ ಮಾಡುತ್ತಿದ್ದಳು. ಹಿಂದೆ ಬಂದ ಗಂಡುಗಳೆಲ್ಲ "ನೌಕರಿ ಬಿಡತಾರಲ್ಲ?" ಎಂದೇ ಮಾತು ಶುರು ಮಾಡಿದ್ದರು. ಈ ಹುಡುಗ ಶಾಹೀದ ಮಾತ್ರ, "ಗಂಗಾವತಿಯೊಳಗೂ ಲ್ಯಾಬ್ ಭಾಳ ಅದಾವ್ರಿ" ಎಂದಿದ್ದ. ಆ ಒಂದು ವಾಕ್ಯಕ್ಕೆ ನಾಹೀದಾ ಮನಸ್ಸಿನಲ್ಲೇ ಒಪ್ಪಿಗೆ ಕೊಟ್ಟಾಗಿತ್ತು. ತಾಯಿಗೂ ಅದು ಗೊತ್ತಾಗಿತ್ತು. ಗೊತ್ತಾಗದೆ ಉಳಿದವರು ಮರ್ದಾನಸಾಬರೊಬ್ಬರೇ.

ಶಾಹೀದನ ಜೊತೆ ಅವನ ತಾಯಿ ಮುನ್ನಿ ಬಂದಿದ್ದರು. ಅವರಿಬ್ಬರ ಮುಂದೆ, ಹೊಟ್ಟೆ ಮೊದಲು ತಾನು ಆಮೇಲೆ ಎನ್ನುವಂತೆ, ಮುನ್ನಿಯ ಅಣ್ಣ ಶಬ್ಬೀರ ಬಂದಿದ್ದ. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ತಂದೆಯಿಲ್ಲದ ಶಾಹೀದನ ಲಗ್ನದ ಮಾತೆಲ್ಲ ಈ ಮಾಮುವಿನದೇ.

"ಸಾಬ್ರ, ಹುಡುಗಿ ನಮಗ ಪಸಂದ ಐತಿ" ಎಂದ ಶಬ್ಬೀರ. "ಇನ್ನ ಖಾಂದಾನದ್ದು ಒಂದು ಮಾತು. ನಿಮ್ಮ ಅಜ್ಜಾರು ಏನು ಮಾಡತಿದ್ದರು?"

ಮರ್ದಾನಸಾಬರ ಅಜ್ಜ ಯಲಬುರ್ಗಾದ ಸುತ್ತಲ ಹಳ್ಳಿಗಳಲ್ಲಿ ಹೆಗಲಿಗೆ ಮಲಾರ ಹಾಕಿಕೊಂಡು ಬಳೆ ಮಾರುತ್ತಿದ್ದರು. ಆದರೆ ಅಕ್ಕಿ ವ್ಯಾಪಾರಿಯ ಹೊಟ್ಟೆಯ ಎದುರು ಬಳೆಯ ಮಲಾರ ಗಂಟಲಿನಿಂದ ಮೇಲೇಳಲಿಲ್ಲ.

"ಅಜ್ಜಾರು… ನಿಜಾಮರ ಕಡೆ ಇದ್ದರ್ರಿ."

ಇದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಆ ಕಾಲದಲ್ಲಿ ಕೊಪ್ಪಳದ ಕತ್ತೆಗಳೂ ನಿಜಾಮರ ಕಡೆಯೇ ಇದ್ದವು.

ಶಬ್ಬೀರನ ಕಣ್ಣು ಗೋಡೆಗೆ ಹೋಯಿತು. "ಅರೆ! ಅದು ಕ್ಯೂ ಅಲ್ಲೇನ್ರಿ?"

ಮರ್ದಾನಸಾಬರಿಗೆ ಗೊತ್ತಿದ್ದ ಕ್ಯೂ ಒಂದೇ. ಅವರು ಬಾಗಿಲ ಕಡೆ ತಿರುಗಿ ನೋಡಿದರು. "ಎಲ್ಲೈತ್ರಿ ಕ್ಯೂ? ನೀವು ಮೂರ ಮಂದಿ ಅದೀರಿ."

"ಬಿಲಿಯರ್ಡ್ಸ್ ಕೋಲ್ರಿ! ಮೇಜಿನ ಮ್ಯಾಲ ಚೆಂಡು ಹೊಡಿಯೂದು. ನಿಮ್ಮ ಅಜ್ಜಾರು ಆಡತಿದ್ದರೇನು?"

"ಆಡತಿದ್ದರ್ರಿ."

"ಯಾರ ಕೂಡ?"

"ನಿಜಾಮರ ಕೂಡ."

ಪರದೆಯ ಹಿಂದೆ ಸೈದಾನಬಿಗೆ ಕೆಮ್ಮು ಬಂತು.

"ಗೆಲ್ಲತಿದ್ದವರು ಯಾರು?" ಶಬ್ಬೀರನ ಕಣ್ಣು ಸಣ್ಣದಾಯಿತು.

"ಬಾದಶಹಾರನ್ನ ಗೆಲ್ಲೂದು ಚಂದ ಏನ್ರಿ? ಅಜ್ಜಾರು ತಾವ ಸೋತು ಕೊಡತಿದ್ದರು."

ಈ ಸೋಲು ಶಬ್ಬೀರನನ್ನು ಗೆದ್ದಿತು. ಸುಳ್ಳು ಹೇಳುವವನು ಅಜ್ಜನನ್ನು ಗೆಲ್ಲಿಸುತ್ತಾನೆಯೇ ಹೊರತು ಸೋಲಿಸುವುದಿಲ್ಲ ಎಂಬುದು ಅವನ ವ್ಯಾಪಾರದ ಅನುಭವ. ಅವನು ಎದ್ದು ಹೋಗಿ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಸಾಬ್ರ, ನಮ್ಮ ಅಂಗಡಿ ಮ್ಯಾಲ ನಾನೂ ಪೂಲ್ ಹಾಲ್ ಮಾಡೀನಿ. ಟೇಬಲ್ ಎಲ್ಲಿದಂತ ತಿಳದೀರಿ? ಹೈದರಾಬಾದಿನ ನವಾಬರ ಕ್ಲಬ್ಬಿಂದು! ನಿಶ್ಚಯದ ಮಂಗನಿ ಅಲ್ಲೇ ಮಾಡೂಣು. ನವಾಬರ ಟೇಬಲ್ ಮ್ಯಾಲ ನಿಮ್ಮ ಅಜ್ಜಾರ ಕೋಲಿಂದ ಮೊದಲನೇ ಹೊಡತ ನೀವ ಹೊಡೀಬೇಕು. ಅಷ್ಟರೊಳಗ ಇದನ್ನ ರಿಪೇರಿ ಮಾಡಸ್ರಿ. ತುದಿಗೆ ಚರ್ಮ ಇರಬೇಕು, ಹೋಗೇತಿ. ಅಂದಂಗ ಮೇಕರ್ ಯಾರು?"

"ಮೇಕರ್?"

"ತಯಾರ ಮಾಡಿದವರು. ಬುಡದಾಗ ಹೆಸರು ಇರತೈತಿ. ನಮ್ಮ ಮಂದಿ ಎಲ್ಲಾ ಕೇಳತಾರ ಮತ್ತ. ಮೇಕರ್ ಇಲ್ಲದ ಕೋಲು, ಅಡ್ರೆಸ್ ಇಲ್ಲದ ಲಗ್ನಪತ್ರಿಕಿ ಎರಡೂ ಒಂದ!"

ಗಂಡಿನವರ ಕಾರು ಓಣಿ ದಾಟಿದ ಮೇಲೆ ಸೈದಾನಬಿ ಪರದೆ ಸರಿಸಿ ಬಂದರು. "ಏನ ಹೇಳಿದಿರಿ ಅವರಿಗೆ? ಅದು ಹಸಿ ಸೀರಿ ಎತ್ತಿ ಹಗ್ಗಕ್ಕ ಹಾಕೂ ಕೋಲ್ರಿ. ನಾ ಅದನ್ನ—"

"ನಿಜಾಮರ ಕೋಲಿಲೆ ಸೀರಿ ಎತ್ತೀದೇನ? ತೋಬಾ ತೋಬಾ! ಮೊಳಿ ಹೊಡದಾಕಿನೂ ನೀನ?"

"ಹೇಳೂದರ ಕೇಳ್ರಿ. ಅದನ್ನ ತಂದದ್ದು—"

"ನಮ್ಮಪ್ಪ ತಂದದ್ದು. ನನಗ ಗೊತ್ತಿಲ್ಲೇನು?"

ಸೈದಾನಬಿ ಸೆರಗು ಸಿಕ್ಕಿಸಿಕೊಂಡರು. "ಇನ್ನ ನಾ ಹೇಳೂದಿಲ್ಲ. ಕೇಳಿದಾಗ ಹೇಳತೀನಿ" ಎಂದು ಒಳಗೆ ಹೋದರು. ಮದುವೆಯಾದ ಮೇಲೆ ಮರ್ದಾನಸಾಬರು ಹೆಂಡತಿಯನ್ನು ಕೇಳಿದ್ದು "ಊಟಕ್ಕೇನು?" ಎಂಬ ಒಂದೇ ಪ್ರಶ್ನೆಯಾದ್ದರಿಂದ ಈ ಶರತ್ತು ಅವರಿಗೆ ಅಪಾಯಕಾರಿ ಎನಿಸಲಿಲ್ಲ.

ತಯಾರಕನನ್ನು ಹುಡುಕುವ ಕೆಲಸ ಪಕ್ಕದ ಮನೆಯ ಸಿದ್ದಲಿಂಗೇಶರ ಪಾಲಿಗೆ ಬಂತು. ಅವರು ಇತಿಹಾಸದ ನಿವೃತ್ತ ಉಪನ್ಯಾಸಕರು. ಊರ ಸುತ್ತ ಯಾವ ಕಲ್ಲು ಎತ್ತಿದರೂ ಅವರಿಗೆ ಶಾಸನ ಸಿಗುತ್ತಿತ್ತು. ಒಮ್ಮೆ ಮಾತ್ರ ಚೇಳು ಸಿಕ್ಕಿತ್ತು, ಅದನ್ನೂ ಅವರು ಚಾಲುಕ್ಯರ ಕಾಲದ್ದೇ ಎಂದು ನಂಬಿದ್ದರು. ದಪ್ಪ ಭೂತಗನ್ನಡಿ ಹಿಡಿದು ಬಂದವರು ಕೋಲನ್ನು ಮೇಜಿನ ಮೇಲೆ ಉರುಳಿಸಿದರು. ಬಾಗಿದ ಕೋಲು ಕುಂಟುತ್ತ ಕುಂಟುತ್ತ ಹೋಗಿ ಚಹಾದ ಕಪ್ಪನ್ನು ಕೆಡವಿತು.

"ನೋಡಿದ್ರಾ, ನಡಿಗಿಯೊಳಗ ರಾಜಠೀವಿ ಐತಿ" ಎಂದರು ಸಿದ್ದಲಿಂಗೇಶರು. ಆಮೇಲೆ ಬುಡದ ಕಪ್ಪಿನ ಮೇಲೆ ಕಣ್ಣಿಟ್ಟು ಉಸಿರು ಬಿಗಿಹಿಡಿದರು. "ಅಕ್ಷರ! ಇಂಗ್ಲಿಷ್ ಅಕ್ಷರ! ಭಾಳಷ್ಟು ಅಳಿಸ್ಯಾವ. ಇಲ್ಲಿ ಐ, ಎನ್. ನಡುವ ಖಾಲಿ. ಮತ್ತ ಇಲ್ಲಿ ಐ, ಎನ್, ಎ. ಇನ್… ಇನಾ… ಮರ್ದಾನಸಾಬ್ರ! ಇದು ಇನಾಂ!"

"ಇನಾಂ?"

"ನಿಜಾಮರು ನಿಮ್ಮ ಅಜ್ಜಾರಿಗೆ ಇನಾಂ ಕೊಟ್ಟ ಕೋಲಿದು. ಕೊನೀ ಅಕ್ಷರ ಸವದೈತಿ. ಆದ್ರ ಎರಡ ಸಲ ಯಾಕ ಬರದಾರ, ಅದೊಂದು ತಿಳೀವಲ್ದು."

ಡ್ಯೂಟಿಗೆ ಹೊರಟಿದ್ದ ನಾಹೀದಾ ಮೊಬೈಲಿನ ಬೆಳಕು ಹಾಕಿ ಬಗ್ಗಿ ನೋಡಿದಳು. "ಕಾಕಾ, ಇದು ಮೇಡ್ ಇನ್ ಚೈನಾ."

ಸಾಧಾರಣ ವಿದ್ವಾಂಸರಾಗಿದ್ದರೆ ಅಲ್ಲಿಗೇ ಸೋಲುತ್ತಿದ್ದರು. ಸಿದ್ದಲಿಂಗೇಶರು ನಿಧಾನವಾಗಿ ಭೂತಗನ್ನಡಿ ಕೆಳಗಿಟ್ಟರು. ಅವರ ಮುಖದ ಮೇಲೆ ಸೂರ್ಯ ಹುಟ್ಟಿದ.

"ಚೀನಾ! ನವಾಬರ ಮನಿ ಪಿಂಗಾಣಿ ಎಲ್ಲಿಂದ ಬರತಿತ್ತವಾ? ಚೀನಾದಿಂದ. ರೇಷ್ಮಿ? ಚೀನಾದಿಂದ. ಚೀನಾದ ಬಾದಶಹಾ ನಿಜಾಮರಿಗೆ ಕೊಟ್ಟ, ಅದು ಒಂದು ಇನಾಂ. ನಿಜಾಮರು ನಿಮ್ಮ ಮುತ್ಯಾಗ ಕೊಟ್ಟರು, ಅದು ಎರಡನೇ ಇನಾಂ. ಎರಡ ಸಲ ಯಾಕ ಬರದಾರಂತ ಈಗ ತಿಳೀತು!"

"ಅಪ್ಪಾ, ಇಂಥಾವು ಅಂಗಡ್ಯಾಗ ರಾಶಿ ರಾಶಿ—"

"ಸುಮ್ನಿರು ನಾಹೀದಾ" ಎಂದರು ಮರ್ದಾನಸಾಬರು. ಅವರ ಕಣ್ಣು ಒದ್ದೆಯಾಗಿತ್ತು. "ನೀ ರಕ್ತಾ ನೋಡು. ಇತಿಹಾಸ ಅವರು ನೋಡತಾರ."

ಸಿದ್ದಲಿಂಗೇಶರು ಕೋಲಿನ ಫೋಟೋ ತೆಗೆದು, ನಾಲ್ಕು ಮೊಳ ಉದ್ದದ ಟಿಪ್ಪಣಿಯ ಜೊತೆ ತಮ್ಮ ವಾಟ್ಸಾಪ್ ಬಳಗಕ್ಕೆ ಕಳಿಸಿದರು. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಎಲ್ಲೆಲ್ಲಿಗೋ ಹಾರಿ ಕುಷ್ಟಗಿಯಲ್ಲಿ ಮರ್ದಾನಸಾಬರ ತಂಗಿ ಹಸನಬೀಯ ಮೊಬೈಲಿನಲ್ಲಿ ಇಳಿಯಿತು. ಮರುದಿನ ಬೆಳಗಿನ ಬಸ್ಸಿಗೆ ಹಸನಬೀ ಹಾಸಿಗೆಯ ಸಮೇತ ಬಂದಳು.

ಬಂದವಳು ಅಣ್ಣನನ್ನು ನೋಡಲಿಲ್ಲ, ನೀರು ಕುಡಿಯಲಿಲ್ಲ. ನೇರ ಗೋಡೆಗೆ ಹೋಗಿ ಕೋಲನ್ನು ತಬ್ಬಿಕೊಂಡಳು. "ಯಪ್ಪಾ! ಇದ ಕೋಲು! ಇದ ಕೋಲಿಲೆ ಅಪ್ಪ ನನ್ನ ಹೊಡೀತಿದ್ದ!"

ಮರ್ದಾನಸಾಬರಿಗೆ ರೋಮಾಂಚನವಾಯಿತು. ಒಳಗೆ ಎಲ್ಲೋ ಅಳುಕುತ್ತಿದ್ದ ಸಣ್ಣ ಸಂಶಯವೂ ಸತ್ತಿತು. "ಖರೇನ ಹಸನಬೀ? ನಿನಗ ನೆನಪೈತಾ?"

"ನನಗ ಮರತಿದ್ದರೂ ನನ್ನ ಬೆನ್ನಿಗೆ ನೆನಪೈತಿ."

"ಅಪ್ಪ ಎಲ್ಲಿಟ್ಟಿರತಿದ್ದ ಇದನ್ನ?"

"ಕೈಯಾಗ!" ಎಂದು ಹಸನಬೀ ಕಣ್ಣೊರೆಸಿಕೊಂಡಳು. "ಇರಲಿ, ಹೊಡತಾ ಎಲ್ಲಾ ನನಗ, ಕೋಲು ನಿನಗ, ಇದು ಯಾವ ನ್ಯಾಯ? ನಂದೂ ಪಾಲೈತಿ. ಅಣ್ಣಗ ಎರಡು ಭಾಗ, ತಂಗಿಗೆ ಒಂದು. ಬುಡದ ಕಡೀ ದಪ್ಪ ತುಂಡು ನನಗ ಬೇಕು."

"ಅಲ್ಲವಾ, ಕೊಯ್ದರ ಆಡೂದು ಹೆಂಗ?"

"ನಾ ಎಲ್ಲಿ ಆಡಾಕಿ? ನನಗ ನ್ಯಾಯ ಬೇಕು."

ಸೈದಾನಬಿ ಚಹಾ ಕೊಟ್ಟು, ತಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂದು ಒಳಗೆ ಹೋದರು. ಮಂಗನಿ ಮುಗಿಯಲಿ, ಆಮೇಲೆ ಜಮಾತಿನ ಹಿರಿಯರನ್ನು ಕೂಡಿಸೋಣ ಎಂದು ಮರ್ದಾನಸಾಬರು ತಂಗಿಯನ್ನು ಒಪ್ಪಿಸಿದರು. ಹಸನಬೀ ಒಪ್ಪಿ, ಹಾಸಿಗೆ ಬಿಚ್ಚಿ, ಕೋಲಿನ ಕೆಳಗೇ ಹಾಸಿಕೊಂಡಳು.

ಈ ಅನುಭವದಿಂದ ಮರ್ದಾನಸಾಬರು ಒಂದು ಪಾಠ ಕಲಿತರು: ಕೋಲಿನ ಹಿರಿಮೆ ತಿಳಿದವರೆಲ್ಲ ಪಾಲು ಕೇಳುತ್ತಾರೆ. ಆದ್ದರಿಂದ ರಿಪೇರಿಗೆಂದು ಕಿನ್ನಾಳಕ್ಕೆ ಹೊರಟಾಗ, ಅಲ್ಲಿ ಅದು ಏನೆಂದು ಬಾಯಿ ಬಿಡಬಾರದು ಎಂದು ನಿಶ್ಚಯಿಸಿದರು. ಮರಕ್ಕೆ ಸಂಬಂಧಿಸಿದ ಯಾವ ರೋಗಕ್ಕೂ ಕೊಪ್ಪಳದವರು ಮೊದಲು ನೆನೆಯುವುದು ಕಿನ್ನಾಳವನ್ನೇ. ಅಲ್ಲಿ ಗೋವಿಂದರಾಜ ಎಂಬ ಚಿತ್ರಗಾರ, ಅರ್ಧ ಬಣ್ಣ ಹಚ್ಚಿದ ಗೊಂಬೆಗಳ ನಡುವೆ ಕುಳಿತು, ಕೋಲನ್ನು ಒಂದು ಕಣ್ಣು ಮುಚ್ಚಿ ನೋಡಿದ.

"ಏನ್ರಿ ಇದು?"

"ಆಟದ ಕೋಲು. ದೊಡ್ಡ ಮಂದಿ ಆಟ. ಅಷ್ಟ ತಿಳಕೋರಿ. ನೆಟ್ಟಗ ಮಾಡಬೇಕು, ಸೀಳು ಮುಚ್ಚಬೇಕು, ನೋಡಿದವರು ಹೌದ ಹೌದು ಅನ್ನೂವಂಗ ಇರಬೇಕು."

ಗೋವಿಂದರಾಜನಿಗೆ ಬೆಳಕಾಯಿತು. "ಜೋಡಿ ಕೋಲು ಎಲ್ಲೈತ್ರಿ?"

"ನನ್ನ ಕಡಿ ಒಂದ. ಎದುರಿನವರು ಅವರ ಕೋಲು ತರತಾರ."

"ಸುತ್ತ ತಿರುಗಿ ಆಡತೀರಿ?"

"ಹೌದು, ಸುತ್ತ ತಿರುಗಬೇಕು."

"ಬಗ್ಗಿ ಬಗ್ಗಿ ಹೊಡೀತೀರಿ?"

"ಬಗ್ಗದ ಹೊಡಿಯಾಕ ಆಗೂದ ಇಲ್ಲ. ನಿಮಗ ಎಲ್ಲಾ ಗೊತ್ತೈತಲ್ಲ ಮಾರಾಯ್ರ!"

"ಗೊತ್ತಿರಲಾರದ ಏನ್ರಿ? ನಮ್ಮ ಮಾವ ಭಾಳ ಛಲೋ ಆಡತಿದ್ದ" ಎಂದ ಗೋವಿಂದರಾಜ. "ಆದ್ರ ಇಷ್ಟ ಉದ್ದ ಕೋಲು ನಾ ನೋಡಿದ್ದಿಲ್ಲ."

"ಹಿಂದಿನ ಮಂದಿ ಎತ್ತರ ಇದ್ದರು."

ಇಬ್ಬರೂ ಪರಸ್ಪರ ಪೂರ್ತಿ ಅರ್ಥವಾದ ಸಂತೋಷದಲ್ಲಿ ಚಹಾ ಕುಡಿದರು. ತುದಿಯ ಚರ್ಮದ ಮಾತು ಬಂದಾಗ ಮರ್ದಾನಸಾಬರು ಕೈಚೀಲದಿಂದ ತಮ್ಮ ಕಂಡಕ್ಟರ್ ಬ್ಯಾಗನ್ನು ಹೊರತೆಗೆದರು. ಮೂವತ್ತು ವರ್ಷ ಹೆಗಲಿನ ಬೆವರು ಕುಡಿದು ಕಪ್ಪಾದ ಪಟ್ಟಿ. ಅದರ ತುದಿಯನ್ನು ಗೋವಿಂದರಾಜ ಉಳಿಯಿಂದ ಗುಂಡಗೆ ಕತ್ತರಿಸುವಾಗ ಅವರು ಮುಖ ತಿರುಗಿಸಿಕೊಂಡು, ಅಲ್ಲಿದ್ದ ಮಣ್ಣೆತ್ತಿನ ಬಣ್ಣವನ್ನು ಬಹಳ ಹೊತ್ತು ಮೆಚ್ಚಿದರು. ಮಗಳ ಲಗ್ನಕ್ಕೆ ಮನುಷ್ಯ ಏನೇನೋ ಕೊಡುತ್ತಾನೆ.

ಮಂಗನಿಯ ದಿನ ಗಂಗಾವತಿಗೆ ಹೋಗುವ ದಾರಿಯಲ್ಲಿ, ಗಾಡಿಯನ್ನು ಕಿನ್ನಾಳಕ್ಕೆ ತಿರುಗಿಸಿ ಕೋಲನ್ನು ತೆಗೆದುಕೊಳ್ಳುವುದೆಂದು ಠರಾವಾಯಿತು. ಹೆಂಗಸರು, ಸಿದ್ದಲಿಂಗೇಶರು ಗಾಡಿಯಲ್ಲೇ ಕುಳಿತರು. ಮರ್ದಾನಸಾಬರು ಒಳಗೆ ಹೋದರು. ಗೋವಿಂದರಾಜ ಹೊಸ ಬಟ್ಟೆ ಸರಿಸಿ ಕೋಲನ್ನು ಎತ್ತಿ ತೋರಿಸಿದ.

ಘಲ್ ಎಂದಿತು.

ಕೋಲು ನೆಟ್ಟಗಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾಯಿಸಿ, ಭಾರ ಕಟ್ಟಿ, ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಸೀಳು ತುಂಬಿದ್ದ. ಆದರೆ ಬುಡದಿಂದ ತುದಿಯವರೆಗೆ ಕೆಂಪು ನೆಲದ ಮೇಲೆ ಹಳದಿ ಬಳ್ಳಿ ಹಬ್ಬಿತ್ತು. ಬಳ್ಳಿಯಲ್ಲಿ ಹಸಿರು ಗಿಳಿಗಳು ಕುಳಿತಿದ್ದವು. ಎರಡು ಇನಾಮುಗಳಿದ್ದ ಜಾಗದ ಮೇಲೆ ಎಲ್ಲಕ್ಕಿಂತ ದಪ್ಪನೆಯ ಗಿಳಿಯೊಂದು ಕುಳಿತು ಪೇರಲ ಹಣ್ಣು ತಿನ್ನುತ್ತಿತ್ತು. ಬುಡಕ್ಕೆ ಒಂದು ಗೊಂಚಲು ಗೆಜ್ಜೆ.

"ಇದೇನ್ರಿ?" ಎಂದರು ಮರ್ದಾನಸಾಬರು.

"ಕೋಲಾಟ ಅಂದ ಮ್ಯಾಲ ಗೆಜ್ಜಿ ಬ್ಯಾಡೇನ್ರಿ? ಬಣ್ಣ ಇನ್ನೂ ಹಸಿ ಐತಿ, ಹಗುರಕ ಹಿಡೀರಿ" ಎಂದ ಗೋವಿಂದರಾಜ ಹೆಮ್ಮೆಯಿಂದ.

ಹೊರಗೆ ಗಾಡಿ ಹಾರ್ನ್ ಹಾಕುತ್ತಿತ್ತು. ಗಂಗಾವತಿಯಲ್ಲಿ ಬಿರ್ಯಾನಿ ದಮ್ಮಿಗೆ ಇಟ್ಟಾಗಿತ್ತು. ಇತಿಹಾಸದಲ್ಲಿ ಇಂಥ ಗಳಿಗೆಗಳಲ್ಲಿ ರಾಜರು ಕುದುರೆಯಿಂದ ಇಳಿದು ಕಾಡು ಸೇರಿದ್ದುಂಟು. ಮರ್ದಾನಸಾಬರು ಕೋಲು ಹಿಡಿದು ಗಾಡಿ ಹತ್ತಿದರು.

ಶಬ್ಬೀರನ ಪೂಲ್ ಹಾಲಿನಲ್ಲಿ ಗಂಗಾವತಿಯ ಅರ್ಧ ಬಜಾರೇ ನೆರೆದಿತ್ತು. ನಡುವೆ ನೀಲಿ ಬಟ್ಟೆ ಹೊದಿಸಿದ ಟೇಬಲ್. ಅದರ ಒಂದು ಮೂಲೆಯಲ್ಲಿ ಚೂಪು ಮೂತಿಯ, ಅಗಲ ಬುಡದ ಸುಟ್ಟ ಗುರುತೊಂದಿತ್ತು. ಶಬ್ಬೀರ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. "ನವಾಬರ ಹುಕ್ಕಾ ಉರುಳಿ ಬಿದ್ದ ಗುರುತು! ಹೊಸಾ ಬಟ್ಟಿ ಹಾಕಬಹುದಿತ್ತು. ನಾನ ಹಾಕಲಿಲ್ಲ. ಇತಿಹಾಸ ಮುಚ್ಚಬಾರದು."

ಆಗ ಮೆಟ್ಟಿಲ ಮೇಲೆ ಘಲ್ ಘಲ್ ಸದ್ದಾಯಿತು. ಯಾರೋ ದೊಡ್ಡ ಫಕೀರರು ಬಂದರೆಂದು ಬಾಗಿಲಲ್ಲಿದ್ದವರು ತಲೆಗೆ ವಸ್ತ್ರ ಹಾಕಿಕೊಂಡು ದಾರಿ ಬಿಟ್ಟರು. ಮರ್ದಾನಸಾಬರು ಒಳಗೆ ಬಂದರು.

ಶಬ್ಬೀರ ಗಿಳಿಗಳನ್ನು ನೋಡಿದ. ಗೆಜ್ಜೆಯನ್ನು ನೋಡಿದ. "ಸಾಬ್ರ… ಗೆಜ್ಜಿ ಯಾಕ?"

ಮರ್ದಾನಸಾಬರೊಳಗಿನ ಕಂಡಕ್ಟರ್ ಒಮ್ಮೆಲೇ ಎಚ್ಚರಗೊಂಡ. "ನಿಜಾಮರ ಆಟ ಅಂದ್ರ ಗದ್ದಲ ಇರತೈತ್ರಿ. ಗೆಜ್ಜಿ ಕೇಳಿ ಮಂದಿ ಮುಂದ ಸರೀಬೇಕು. ಸರೀರಿ, ಸರೀರಿ, ನಡು ಖಾಲಿ ಐತಿ!"

ಜನ ಸರಿದರು. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಸರಿದರು. ಆ ಸಂತೋಷದಲ್ಲಿ ಮರ್ದಾನಸಾಬರಿಗೆ ಭಯ ಮರೆತುಹೋಯಿತು. "ಮೇಕರ್ ಯಾರಂತ?" ಎಂದು ಯಾರೋ ಕೇಳಿದಾಗ ಸಿದ್ದಲಿಂಗೇಶರು ಮುಂದೆ ಬಂದು ಚೀನಾದ ಬಾದಶಹನಿಂದ ಆರಂಭಿಸಿ ಎರಡು ಇನಾಮುಗಳನ್ನೂ ವಿವರಿಸಿದರು. ಕೇಳುತ್ತ ಕೇಳುತ್ತ ಶಬ್ಬೀರನ ಹುಬ್ಬು ಮೇಲೇರಿತು.

"ಆತು, ಹೊಡೀರಿ" ಎಂದ.

ಮರ್ದಾನಸಾಬರು ಬಗ್ಗಿದರು. ಘಲ್. ಬಿಳಿ ಚೆಂಡಿಗೆ ಗುರಿಯಿಟ್ಟರು. ಘಲ್ ಘಲ್. ಬಸ್ಸಿನ ಬಾಗಿಲು ಬಡಿಯುವ ಜೋರಿನಲ್ಲಿ ಕೋಲನ್ನು ಮುಂದೆ ನೂಕಿದರು. ತುದಿ ಟೇಬಲ್ಲಿಗೆ ನಾಟಿತು, ಕೋಲು ಒಮ್ಮೆ ಕಮಾನಿನಂತೆ ಎದ್ದಿತು, ನಡುವೆ ಲಟಕ್ಕನೆ ಮುರಿಯಿತು. ಗಾಳಿಗೆಂಬಂತೆ ಅಲುಗಿದ ಬಿಳಿ ಚೆಂಡು, ಟೇಬಲ್ಲಿನ ಇಳಿಜಾರು ಹಿಡಿದು, ಯಾರ ಅವಸರವೂ ಇಲ್ಲದ ಮುದುಕನಂತೆ ಉರುಳುತ್ತ ಹೋಗಿ, ಮೂಲೆಯ ತೂತಿನಲ್ಲಿ ಗುಳುಂ ಎಂದಿತು. ಅದು ಆಟದಲ್ಲಿ ತಪ್ಪೆಂದು ಗೊತ್ತಿದ್ದವನು ಶಬ್ಬೀರನೊಬ್ಬನೇ. ಉಳಿದವರು ಚಪ್ಪಾಳೆ ಹೊಡೆದರು.

ಹಸನಬೀ ನುಗ್ಗಿ ಬಂದು ಬುಡದ ತುಂಡನ್ನು ಕಿತ್ತುಕೊಂಡಳು. "ದೇವರ ನ್ಯಾಯ ನೋಡ್ರಿ! ನನ್ನ ಪಾಲು ತಾನ ಮುರದು ಬಂತು!"

ಶಬ್ಬೀರ ಇನ್ನೊಂದು ತುಂಡನ್ನು ಎತ್ತಿ ಮೂಸಿದ. "ಹುಣಸಿ ಬೀಜದ ಅಂಟು! ನಿಜಾಮರು ಹುಣಸಿ ಬೀಜ ತುಂಬತಿದ್ದರೇನ್ರಿ? ಗಿಳಿ, ಗೆಜ್ಜಿ, ಚೀನಾ! ಸಾಬ್ರ, ನಮ್ಮನ್ನ ಏನಂತ ತಿಳದೀರಿ? ಸುಳ್ಳು ಖಾಂದಾನದ ಹೆಣ್ಣು ನಮಗ ಬ್ಯಾಡ. ಮುನ್ನಿ, ಶಾಹೀದಾ, ಏಳ್ರಿ!"

ಯಾರೂ ಏಳಲಿಲ್ಲ. ನಾಹೀದಾ ಮೆಹಂದಿ ಹಚ್ಚಿದ ಕೈಗಳನ್ನು ನೋಡುತ್ತ ಕುಳಿತಿದ್ದಳು. ಮರ್ದಾನಸಾಬರು ಬೆವರು ಒರೆಸಿಕೊಂಡರು. ಅಂಗೈಗೆ ಅಂಟಿದ್ದ ಹಸಿ ಗಿಳಿ ಹಣೆಗೆ ಏರಿತು. ಗಿಳಿಯನ್ನು ಹಣೆಯಲ್ಲಿಟ್ಟುಕೊಂಡು ಅವರು ಮಗಳನ್ನು ನೋಡಿದರು. ಅವಳ ಮನಸ್ಸು ಅವರಿಗೆ ಆಗ ತಿಳಿಯಿತು.

"ಶಬ್ಬೀರ್ ಭಾಯಿ, ತಪ್ಪು ನಂದು. ನಮ್ಮ ಅಜ್ಜ ನಿಜಾಮರನ್ನ ನೋಡಿದ್ದ ಇಲ್ಲ. ಯಲಬುರ್ಗಾ ಕಡೆ ಬಳಿ ಮಾರತಿದ್ದ. ಈ ಕೋಲು ಯಾರು ಮಾಡಿದ್ದು, ಎಲ್ಲಿಂದ ಬಂತು, ದೇವರಾಣಿ ನನಗ ಗೊತ್ತಿಲ್ಲ." ಅವರು ಹೆಂಗಸರ ಕಡೆ ತಿರುಗಿದರು. "ಸೈದಾನಬಿ, ಇದು ಎಲ್ಲಿಂದ ಬಂತು?"

"ಕೇಳಿದಿರಲ್ಲ, ಪುಣ್ಯಾ ಬಂತು" ಎಂದು ಸೈದಾನಬಿ ಎದ್ದು ನಿಂತರು. "ನನ್ನ ತಂಗಿ ಅಬೇದಾಬಿ ಆನೆಗುಂದಿಯೊಳಗ ಇರತಾಳಲ್ರಿ, ಆಕೀ ಮನಿಗೆ ಹೋಗಿದ್ದೆ. ಆವಾಗ ವಿರೂಪಾಪುರಗಡ್ಡಿಯೊಳಗ ಫಾರಿನ್ನರು ಇಳಕೊಳ್ಳೂ ಹೋಟೆಲೆಲ್ಲಾ ಕೆಡವಿದ್ದರು. ಸಾಮಾನೆಲ್ಲಾ ಬಯಲಾಗ ಹಾಕಿ ಮಾರತಿದ್ದರು. ಸೀರಿ ಎತ್ತಾಕ ಛಲೋ ಐತಿ ಅಂತ ಎರಡು ಪ್ಲಾಸ್ಟಿಕ್ ಬಕೀಟಿನ ಕೂಡ ತಂದೆ. ಬಕೀಟು ಒಡದು ಹೋದವು. ಇದು ಉಳೀತು."

"ಕೇಳಿದ್ರಾ? ಗುಜರಿ, ಮೋಡಕಾ ಸಾಮಾನು!" ಶಬ್ಬೀರ ಎರಡೂ ಕೈ ಎತ್ತಿದ. "ನವಾಬರ ಟೇಬಲ್ ಮ್ಯಾಲ ಮೋಡಕಾ ಸಾಮಾನು!"

ಸೈದಾನಬಿ ಟೇಬಲ್ಲಿನ ಹತ್ತಿರ ಬಂದರು. ಸುಟ್ಟ ಗುರುತಿನ ಮೇಲೆ ಬೆರಳಾಡಿಸಿದರು. "ಇದೇನು, ಇಸ್ತ್ರಿಪೆಟಿಗಿ ಗುರುತಲ್ಲ? ಅಯ್ಯ! ಈ ಟೇಬಲ್ಲಾ? ಅವತ್ತ ಗಡ್ಡಿಯೊಳಗ ಇದರ ಮ್ಯಾಲ ಒಂದು ಆಡು ನಿಂತಿತ್ರಿ. ಇಳಿಜಾರಿಗೆ ಜಾರಿ ಜಾರಿ ಬೀಳತಿತ್ತು, ಮತ್ತ ಹತ್ತತಿತ್ತು. ಮಾರಾವ ಅಂದ, 'ಅಕ್ಕಾ, ಕೋಲು ಈ ಟೇಬಲ್ಲಿಂದ, ಎರಡೂ ಒಯ್ಯಿ.' 'ಯಪ್ಪಾ, ಇದರ ಮ್ಯಾಲ ಏನು ಸಂಡಿಗಿ ಒಣಸಲಿ? ಕೋಲ ಸಾಕು' ಅಂದೆ."

ಹಾಲಿನ ಒಳಗಿದ್ದ ಜನವೆಲ್ಲ ಒಟ್ಟಾಗಿ ಆ ಗುರುತಿನ ಮೇಲೆ ಬಗ್ಗಿದರು. ಚೂಪು ಮೂತಿ, ಅಗಲ ಬುಡ. ಇಷ್ಟು ದಿನ ಅದು ಹುಕ್ಕಾದಂತೆ ಕಂಡದ್ದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

"ಅಣ್ಣಾ" ಎಂದರು ಮುನ್ನಿ ಮೆಲ್ಲಗೆ, "ನೀ ಇದಕ್ಕಂತ ಹೈದರಾಬಾದಿಗೆ ಹೋಗಿದ್ದೆಲ್ಲ?"

"ಹೋಗಿದ್ದೆ" ಎಂದ ಶಬ್ಬೀರ, ಸಿಕ್ಕ ಕುರ್ಚಿಯ ಮೇಲೆ ಕುಳಿತು. ಅವನ ಹೊಟ್ಟೆ ಮೊದಲ ಬಾರಿಗೆ ಅವನಿಗಿಂತ ಹಿಂದೆ ಸರಿದಿತ್ತು. "ಬಿರ್ಯಾನಿ ತಿಂದು ಬಂದೆ."

ಸಿದ್ದಲಿಂಗೇಶರು ಭೂತಗನ್ನಡಿಯನ್ನು ಒಮ್ಮೆ ಕೋಲಿನ ತುಂಡಿನ ಮೇಲೆ, ಒಮ್ಮೆ ಟೇಬಲ್ಲಿನ ಮೇಲೆ ಹಿಡಿದರು. ಗಂಟಲು ಸರಿಪಡಿಸಿಕೊಂಡರು. "ಹಂಗಾದ್ರ ಒಂದು ಮಾತು ಸಿದ್ಧ ಆತ್ರಿ. ಕೋಲು, ಟೇಬಲ್ಲು ಎರಡೂ ಒಂದ ಖಾಂದಾನದವು!"

ಮೊದಲು ನಕ್ಕವನು ಶಾಹೀದ. ಆಮೇಲೆ ಮುನ್ನಿ. ಆಮೇಲೆ ಬಜಾರಿನ ಜನ ಗೋಡೆ ಹಿಡಿದು ನಗತೊಡಗಿದರು. ನಗದೆ ಉಳಿದವರು ಶಬ್ಬೀರ, ಮರ್ದಾನಸಾಬರು ಇಬ್ಬರೇ; ಅವರು ಒಬ್ಬರನ್ನೊಬ್ಬರು ಸೋತ ಕುಸ್ತಿಯಾಳುಗಳಂತೆ ನೋಡುತ್ತಿದ್ದರು.

"ಸುಳ್ಳಿನೊಳಗ ಎರಡೂ ಮನಿ ಸಮ ಅದಾವ" ಎಂದರು ಮುನ್ನಿ ಕಣ್ಣೊರೆಸಿಕೊಳ್ಳುತ್ತ. "ಇದಕ್ಕಿಂತ ಸರಿ ಜೋಡಿ ಎಲ್ಲಿ ಹುಡುಕೂಣು?"

ಶಾಹೀದ ನಾಹೀದಾಳ ಕಡೆ ತಿರುಗಿದ. "ನೀವೇನಂತೀರಿ?"

ಇಡೀ ವ್ಯವಹಾರದಲ್ಲಿ ಅವಳನ್ನು ಯಾರಾದರೂ ಕೇಳಿದ್ದು ಆಗಲೇ. ನಾಹೀದಾ ತಲೆ ಎತ್ತಿದಳು. "ನನ್ನ ಶರತ್ತು ಒಂದ. ಇವರಿಬ್ಬರೂ ಇನ್ನ ಮ್ಯಾಲ ಖಾಂದಾನದ ಮಾತು ತೆಗೀಬಾರದು. ತೆಗದ್ರ ನಾ ಸೂಜಿ ಹಿಡಕೊಂಡು ಬಂದು ಇಬ್ಬರ ರಕ್ತಾನೂ ಪರೀಕ್ಷಾ ಮಾಡತೀನಿ."

"ಬ್ಯಾಡವಾ, ಬ್ಯಾಡ" ಎಂದರು ಇಬ್ಬರೂ ಒಂದೇ ಉಸಿರಿಗೆ. ಮಂಗನಿ ಮುಗಿಯಿತು.

ಸಂಜೆ ಗಾಡಿಯಲ್ಲಿ ಜಾಗ ಸಾಲಲಿಲ್ಲ. ಹಸನಬೀ ತನ್ನ ಪಾಲಿನ ತುಂಡನ್ನು ಮಡಿಲಲ್ಲಿಟ್ಟುಕೊಂಡು ಅಗಲವಾಗಿ ಕುಳಿತಿದ್ದಳು. ಮರ್ದಾನಸಾಬರು, ಸೈದಾನಬಿ ಕೊಪ್ಪಳದ ಬಸ್ಸು ಹತ್ತಿದರು. ಮೂವತ್ತು ವರ್ಷ ಈ ದಾರಿಯಲ್ಲಿ ಓಡಾಡಿದ್ದರೂ ಅವರು ಹೆಂಡತಿಯ ಪಕ್ಕ ಕುಳಿತು ಹೋದದ್ದಿರಲಿಲ್ಲ. ಕಿಟಕಿಯ ಹೊರಗೆ ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಸೈದಾನಬಿ ಸೆರಗಿನ ತುದಿ ಒದ್ದೆ ಮಾಡಿ ಗಂಡನ ಹಣೆಯ ಗಿಳಿಯನ್ನು ಒರೆಸಿದರು. ಪೂರ್ತಿ ಹೋಗಲಿಲ್ಲ.

ಮರ್ದಾನಸಾಬರು ಹೆಂಡತಿಯ ಕಡೆ ತಿರುಗಿ ಕೇಳಿದರು: "ಅವತ್ತ ಗಡ್ಡಿಯೊಳಗ ಇನ್ನೂ ಏನೇನು ಮಾರಾಕ ಇಟ್ಟಿದ್ದರು?"

ಸೈದಾನಬಿ ಗಂಡನ ಮುಖ ನೋಡಿದರು. ನಿಜವಾಗಿಯೂ ಕೇಳುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಸರಿಯಾಗಿ ಕುಳಿತರು.

"ಏನ ಕೇಳತೀರಿ! ಹಾಸಿಗಿ ಇದ್ದವು, ದೀಪ ಇದ್ದವು, ಬುದ್ಧನ ತಲಿ ಇದ್ದವು. ಒಂದು ಆಳೆತ್ತರದ ಕನ್ನಡಿ ಇತ್ತು ನೋಡ್ರಿ, ಸುತ್ತ ಬಂಗಾರದಂಗ ಕಟ್ಟು, ಭಾಳ ಚಂದ. ತರಬೇಕಂತ ಮನಸಾಗಿತ್ತು." ಅವರು ಸ್ವಲ್ಪ ಯೋಚಿಸಿದರು. "ತರಲಿಲ್ಲ, ಛಲೋ ಆತು. ತಂದಿದ್ದರ ಅದರೊಳಗ ನೀವು ಯಾರನ್ನ ನೋಡತಿದ್ದಿರೋ!"